ಯಾರಿಗೆ ಲೈವ್?
ಲೋಕಲ್ ಟ್ರೇನಿನಲ್ಲಿ ನಿಂತು ನಾವು ಮೊಬೈಲಿನಲ್ಲಿ ನೋಡುವ ‘ಲೈವ್’ ಬೆಲೆ ಆಗಲೇ ಹಳತು. ಎನ್‌ಎಸ್‌ಇಯೊಳಗೇ ಬಾಡಿಗೆಗೆ ಸರ್ವರ್ ಇಟ್ಟ ಬ್ರೋಕರುಗಳು ಅದನ್ನು ಮೊದಲೇ ಕಂಡಿರುತ್ತಾರೆ. 2010ರಿಂದ ಇರುವ ಈ ಕೊಲೊಕೇಶನ್ ಕಾನೂನುಬದ್ಧವೇ. ಆದರೆ ಆರಂಭದ ವರ್ಷಗಳಲ್ಲಿ ಅದರೊಳಗೂ ಸಾಲಿತ್ತು: ಡೇಟಾ ಎಲ್ಲರಿಗೂ ಒಟ್ಟಿಗೆ ಹೋಗದೆ, ಮೊದಲು ಕನೆಕ್ಟ್ ಆದವರಿಗೆ ಮೊದಲು ಹೋಗುತ್ತಿತ್ತು. 2019ರಲ್ಲಿ ಸೆಬಿ ಸುಮಾರು ₹625 ಕೋಟಿ ಕಟ್ಟಲು ಹೇಳಿತು. ಮೇಲ್ಮನವಿಯಲ್ಲಿ, 2023ರಲ್ಲಿ, ಅದು ₹100 ಕೋಟಿಗೆ ಇಳಿಯಿತು.

ನಮ್ಮ ಐಟಿಯವರು ಇದನ್ನು ಡಿಸೈನ್ ದೋಷ ಎಂದುಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ, ಸಾಲು ಗೊತ್ತುಮಾಡಿದ್ದು ಮನುಷ್ಯರೇ ಅಲ್ಲವೇ? ಪಂಕ್ತಿಯಲ್ಲೂ ಬಡಿಸುವುದು ಒಬ್ಬರಾದ ಮೇಲೊಬ್ಬರಿಗೆ, ಆದರೆ ಕೊನೆಯ ಎಲೆಗೆ ಬೀಳುವ ತನಕ ಯಾರೂ ತುತ್ತೆತ್ತುವುದಿಲ್ಲ. ಹತ್ತು ವರ್ಷಕ್ಕೆಂದು ಶೇರು ಕೊಳ್ಳುವವನಿಗೆ ಈ ಮಿಲಿಸೆಕೆಂಡು ಲೆಕ್ಕಕ್ಕಿಲ್ಲ, ನಿಜ. ದಿನಕ್ಕೆ ಹತ್ತು ಸಲ ಕೊಂಡು ಮಾರುವ ಹುಡುಗರು ಮಾತ್ರ, ಮೊದಲ ಎಲೆಯವರು ಉಂಡೆದ್ದ ಮೇಲೆ ಕೂತಿರುತ್ತಾರೆ.