ತುಂಡಾದ ಕಾಡು ಮತ್ತು ಜೀವದಯೆ

ಶ್ರಾವಕನಾದವನು ಪಂಚ ಉದುಂಬರ ಫಲಗಳನ್ನು ತ್ಯಜಿಸಬೇಕೆಂಬುದು ಹಿರಿಯರಿಂದ ನಡೆದುಬಂದ ನಿಯಮ. ಆಲ, ಅರಳಿ, ಅತ್ತಿ ಮೊದಲಾದ ಹಣ್ಣುಗಳೊಳಗೆ ತ್ರಸಜೀವಿಗಳು ವಾಸಿಸುತ್ತವೆ ಎಂಬುದೇ ಅದಕ್ಕೆ ಕಾರಣ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತದ ನಂತರ ಊಟ ಬಿಡುವುದು ಇದೇ ಕರುಣೆಯ ಆಚರಣೆಗಳು. ಆದರೆ ಕೀಟವನ್ನು ಕೈಯಾರೆ ಕೊಲ್ಲದಿದ್ದ ಮಾತ್ರಕ್ಕೆ ಜೀವದಯೆ ಪೂರ್ಣವಾಯಿತೇ? ಕೀಟವು ಬಾಳುವ ಕಾಡನ್ನು ಹೋಳುಹೋಳು ಮಾಡಿ, ಅದು ತಾನಾಗಿಯೇ ಅಳಿಯುವಂತಾದರೆ, ಆ ಅಳಿವು ಯಾರ ಲೆಕ್ಕಕ್ಕೆ ಸೇರಬೇಕು?

ಉದುಂಬರದ ಒಳಗಿನ ಬದುಕನ್ನು ಇಂದಿನ ಜೀವಶಾಸ್ತ್ರವು ವಿವರವಾಗಿ ತೋರಿಸಿಕೊಟ್ಟಿದೆ. ಅತ್ತಿಯ ಕಾಯಿ ಎಂದರೆ ಒಳಮುಖವಾಗಿ ಅರಳುವ ನೂರಾರು ಹೂಗಳ ಗೂಡು. ಸಾಸಿವೆಯಷ್ಟು ಚಿಕ್ಕದಾದ ಒಂದು ಕಣಜದ ಹುಳು ಅದರ ಕಿರುರಂಧ್ರದಿಂದ ಒಳಹೊಕ್ಕು, ಪರಾಗವನ್ನು ಮುಟ್ಟಿಸಿ, ಮೊಟ್ಟೆಯಿಟ್ಟು ಸಾಯುತ್ತದೆ. ಅದರ ಮರಿಗಳು ಬೆಳೆದು ಹೊರಬಂದು ಅದೇ ಜಾತಿಯ ಬೇರೊಂದು ಮರವನ್ನು ಅರಸಿ ಹಾರುತ್ತವೆ. ಸಾಮಾನ್ಯವಾಗಿ ಒಂದು ಜಾತಿಯ ಮರಕ್ಕೆ ಅದರದೇ ಆದ ಕಣಜ. ಆ ಕಣಜಕ್ಕೆ ಬೇರೆ ಮರದಲ್ಲಿ ಆಶ್ರಯವಿಲ್ಲ. ರೆಕ್ಕೆ ಬಂದ ಮೇಲೆ ಅದರ ಆಯುಸ್ಸು ಒಂದೆರಡು ದಿನ ಮಾತ್ರ. ಗಾಳಿಯ ನೆರವಿನಿಂದ ಅದು ಮೈಲಿಗಟ್ಟಲೆ ಸಾಗಬಲ್ಲದಾದರೂ, ತಲುಪುವ ಹೊತ್ತಿಗೆ ತಕ್ಕ ಕಾಯಿ ಬಿಟ್ಟಿರುವ ಮರವಿರಬೇಕು. ಮರಗಳು ವಿರಳವಾದರೆ ಈ ಸರಪಳಿ ಕಡಿಯುತ್ತದೆ. ಆಗ ಹುಳುವಿಗೆ ಮನೆಯಿಲ್ಲ, ಮರಕ್ಕೆ ಸಂತಾನವಿಲ್ಲ, ಹಣ್ಣನ್ನು ನಂಬಿದ ಹಕ್ಕಿಗೆ ಆಹಾರವಿಲ್ಲ.

ಕಾಡು ತುಂಡಾಗುವುದೆಂದರೆ ಕೇವಲ ಅದರ ವಿಸ್ತೀರ್ಣ ಕುಗ್ಗುವುದಲ್ಲ. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಕಾಡಿಗೆ 4 ಕಿಲೋಮೀಟರ್ ಅಂಚಿರುತ್ತದೆ. ಅದನ್ನೇ ನೂರು ಸಮಭಾಗಗಳಾಗಿ ಬೇರೆ ಬೇರೆ ಕಡೆ ಇಟ್ಟರೆ ಅಂಚು 40 ಕಿಲೋಮೀಟರ್ ಆಗುತ್ತದೆ. ಬಿಸಿಲು, ಒಣಗಾಳಿ, ಲಂಟಾನದ ಪೊದೆ ಅಂಚಿನಿಂದ 50 ಮೀಟರ್ ಒಳನುಗ್ಗುತ್ತವೆಂದು ಇಟ್ಟುಕೊಂಡರೆ, ಇಡಿಯಾದ ಕಾಡಿನಲ್ಲಿ ನೂರಕ್ಕೆ 81 ಭಾಗ ತಂಪಾಗಿ ಉಳಿಯುತ್ತದೆ. ತುಂಡಾದ ಕಾಡಿನಲ್ಲಿ ಏನೂ ಉಳಿಯುವುದಿಲ್ಲ. ಭೂಮಿಯ ಪತ್ರದಲ್ಲಿ ಎಕರೆ ಕಡಿಮೆಯಾಗಿಲ್ಲ. ಕಾಡು ಮಾತ್ರ ಇಲ್ಲವಾಗಿದೆ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ, ಮನಾಸ್ ನಗರದ ಬಳಿ 1979ರಲ್ಲಿ ಆರಂಭವಾದ ದೀರ್ಘ ಸಂಶೋಧನೆಯು ಇದನ್ನು ಕಣ್ಣಾರೆ ಕಂಡಿದೆ. ಅಲ್ಲಿ ಮಳೆಕಾಡಿನ ಸಣ್ಣ ತುಂಡುಗಳಲ್ಲಿ ಅಂಚಿನ ಹೆಮ್ಮರಗಳು ಬೇಗ ಸತ್ತವು. ಸಗಣಿಯನ್ನು ಮಣ್ಣಿಗೆ ಸೇರಿಸಿ ಬೀಜಗಳನ್ನು ಹೂಳುವ ದುಂಬಿಗಳ ಸಂಖ್ಯೆ ಇಳಿಯಿತು.

ಶಂಕಗಿರಿಯ ಬೆಟ್ಟ ಒಣಭೂಮಿಯದು. ಆದರೆ ಸೇಲಂ ನಗರದ ಉತ್ತರಕ್ಕೆ 1,500 ಮೀಟರಿಗೂ ಮೇಲೆ ಏರುವ ಸೇರ್ವರಾಯನ್ ಬೆಟ್ಟಗಳ ನೆತ್ತಿಯಲ್ಲಿ ನಿತ್ಯಹಸುರಿನ ಕಾಡು ಇತ್ತು. ಯೇರ್ಕಾಡು ಎಂಬ ಹೆಸರಿನಲ್ಲಿಯೇ ಏರಿಯೂ ಕಾಡೂ ಕೂಡಿವೆ. 1820ರ ದಶಕದಲ್ಲಿ ಸೇಲಂ ಜಿಲ್ಲೆಯ ಕಲೆಕ್ಟರಾಗಿದ್ದ ಎಂ. ಡಿ. ಕಾಕ್‌ಬರ್ನ್ ಅಲ್ಲಿಗೆ ಕಾಫಿ ತಂದರು. ಮುಂದೆ ತೋಟಗಳು ಹಬ್ಬಿದವು, ನೆರಳಿಗಾಗಿ ಪರದೇಶದ ಸಿಲ್ವರ್ ಓಕ್ ಬಂದಿತು, ಬಾಕ್ಸೈಟ್ ಅದಿರಿಗಾಗಿ ಗುಡ್ಡಗಳನ್ನು ಅಗೆಯಲಾಯಿತು. ಮೂಲ ಕಾಡು ಕಣಿವೆಗಳಲ್ಲಿ, ದೇವರ ಬನಗಳಲ್ಲಿ ತುಣುಕುಗಳಾಗಿ ಉಳಿಯಿತು. ಭಾರತೀಯ ಸಸ್ಯ ಸರ್ವೇಕ್ಷಣಾ ಇಲಾಖೆಯು ಯೇರ್ಕಾಡಿನಲ್ಲಿ ಆರ್ಕಿಡ್ ಸಸ್ಯಗಳನ್ನು ಸಾಕಿ ಕಾಪಾಡುತ್ತಿರುವುದು ಸ್ತುತ್ಯ ಕಾರ್ಯವೇ. ಆದರೂ ಸಸ್ಯವನ್ನು ಕುಂಡದಲ್ಲಿ ಉಳಿಸಬಹುದು. ಅದರ ಹೂವಿಗೆ ಬರುವ ಕೀಟವನ್ನು ಕುಂಡದಲ್ಲಿ ಉಳಿಸಲಾಗದು.

ಕನ್ನಡ ನಾಡಿನ ಕೊಡಗಿನಲ್ಲಿಯೂ ಇದೇ ಕಥೆ. ಅಲ್ಲಿನ ದೇವರಕಾಡುಗಳ ವಿಸ್ತೀರ್ಣ 1905ರಲ್ಲಿ ಸುಮಾರು 15,500 ಎಕರೆಯಿದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿಯಿತು. ಅಲ್ಲಿಯ ಬಿಳಿ ದೇವದಾರಿ ಮರಗಳ ವಂಶವನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವು ಎರಡು ಸಂಗತಿಗಳನ್ನು ತಿಳಿಸಿತು. ಮರಗಳು ವಿರಳವಾಗಿರುವ ಕಾಡಿನ ತುಂಡುಗಳಲ್ಲಿ ಹತ್ತಿರದ ರಕ್ತಸಂಬಂಧಿ ಮರಗಳ ನಡುವೆಯೇ ಪರಾಗಸ್ಪರ್ಶ ಹೆಚ್ಚುತ್ತದೆ. ಇದು ಸಂತತಿಯನ್ನು ದುರ್ಬಲಗೊಳಿಸಬಹುದು. ಆದರೆ ಒಂಟಿಯಾಗಿ ನಿಂತ ಮರಕ್ಕೆ 5 ಕಿಲೋಮೀಟರಿಗೂ ದೂರದಿಂದ ಪರಾಗ ಬಂದು ಸೇರುವುದುಂಟು. ಲಾಭವಿಲ್ಲವೆಂದು ಕಡಿಯಲ್ಪಡುವ ಆ ಒಂಟಿ ಮರವೇ ಎರಡು ಕಾಡುಗಳ ನಡುವಿನ ಸೇತುವೆಯಾಗಿರಬಹುದು.

ತುಂಡಾದ ಕಾಡಿನ ಜೀವಿಗಳು ಅದೇ ದಿನ ಸಾಯುವುದಿಲ್ಲ. ನೂರಾರು ವರ್ಷ ಬಾಳುವ ಮರ ಹಸುರಾಗಿಯೇ ನಿಂತಿರುತ್ತದೆ. ಅದರಡಿ ಸಸಿ ಮಾತ್ರ ಏಳುವುದಿಲ್ಲ. ವಿಜ್ಞಾನಿಗಳು ಇದನ್ನು ಅಳಿವಿನ ಸಾಲ ಎನ್ನುತ್ತಾರೆ. ಅಂಗಡಿಯಲ್ಲಿ ಸರಕು ತುಂಬಿದ್ದರೂ ಹೊಸ ಮಾಲು ಬರುವುದು ನಿಂತುಹೋಗಿದ್ದರೆ ಆ ವ್ಯಾಪಾರ ಮುಗಿದಂತೆಯೇ ಎಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ಮಾಡಿದವನು ಒಬ್ಬ, ತೀರಿಸಬೇಕಾದವರು ಮುಂದಿನ ತಲೆಮಾರಿನವರು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಬೇಸಾಯ, ತೋಟ, ರಸ್ತೆಗಳಿಂದ ಆಗುವುದು ಉದ್ಯೋಗೀ ಹಿಂಸೆ; ಅದು ಅನಿವಾರ್ಯ. ಲಾರಿ ಉದ್ಯಮಕ್ಕೆ ಹೆಸರಾದ ಶಂಕಗಿರಿಯಂಥ ಊರಿಗೆ ರಸ್ತೆಯೇ ಅನ್ನ. ಬೆಟ್ಟದ ರೈತನಿಗೂ ಕಾಫಿ, ಮೆಣಸುಗಳೇ ಜೀವನ. ಈ ಮಾತು ಸುಳ್ಳಲ್ಲ. ಆದರೆ ಉದ್ಯೋಗೀ ಹಿಂಸೆಗೆ ಇರುವ ವಿನಾಯಿತಿ ಎಚ್ಚರದಿಂದ ನಡೆಯುವವನಿಗೆ ಮಾತ್ರ, ಪ್ರಮಾದಕ್ಕೆ ವಿನಾಯಿತಿಯಿಲ್ಲ. ಉಪಾಸಕದಶಾ ಸೂತ್ರವು ಶ್ರಾವಕನಿಗೆ ನಿಷೇಧಿಸಿದ ಹದಿನೈದು ವೃತ್ತಿಗಳಲ್ಲಿ ಕಾಡು ಕಡಿಯುವ ವನಕರ್ಮವೂ ಇದ್ದಿಲು ಸುಡುವ ಅಂಗಾರಕರ್ಮವೂ ಸೇರಿರುವುದನ್ನು ಮರೆಯಲಾಗದು. ತಿಳಿಯದಿದ್ದಾಗ ಆದ ಹಾನಿ ಬೇರೆ. ಕಾಡು ತುಂಡಾದರೆ ಏನಾಗುವುದೆಂದು ತಿಳಿದ ಮೇಲೂ, ಸುತ್ತಿ ಹೋಗಬಹುದಾದ ರಸ್ತೆಯನ್ನು ಕಾಡಿನ ನಡುವೆ ಸೀಳಿದರೆ ಅದು ಕೇವಲ ಅನಿವಾರ್ಯತೆ ಎನಿಸದು, ಅನರ್ಥದಂಡವೇ ಆಗುವುದು.

ಆದ್ದರಿಂದ ಕರ್ತವ್ಯವೂ ಸ್ಪಷ್ಟ. ಉತ್ಸವದ ದಿನ ನೂರು ಸಸಿ ನೆಟ್ಟು ಮರೆಯುವುದಕ್ಕಿಂತ, ಎರಡು ಬನಗಳ ನಡುವಿನ ಖಾಲಿ ಜಾಗದಲ್ಲಿ ಆ ನೆಲದ್ದೇ ಹತ್ತು ಮರಗಳನ್ನು ಬೆಳೆಸುವುದು ಹಿರಿದು. ತೋಟದ ಒಡೆಯನು ಮರ ಮಾರುವಾಗ ಹಳೆಯ ಆಲ, ಅತ್ತಿಗಳನ್ನು ಬಿಡಲಿ. ಮರ ಕೊಳ್ಳುವ ವರ್ತಕನು ಅವುಗಳಿಗೆ ಬೆಲೆ ಕಟ್ಟದಿರಲಿ. ಉದುಂಬರದ ಹಣ್ಣನ್ನು ತಿನ್ನದೆ ಬಿಟ್ಟವನು ಉದುಂಬರದ ಮರವನ್ನೂ, ಅದರಿಂದ ಮುಂದಿನ ಮರಕ್ಕೆ ಹುಳು ಹಾರುವ ದಾರಿಯನ್ನೂ ಉಳಿಸಿಕೊಟ್ಟಾಗ ಆ ವ್ರತವು ಸಾರ್ಥಕವಾಗುವುದು.