ಗಂಧದ ಋಣ

ಕಾಶಿಯ ಚೌಕದ ಕಡೆಯ ಗಲ್ಲಿಗಳಲ್ಲಿ ಅತ್ತರಿನ ಅಂಗಡಿಯವರು ಹತ್ತಿಯ ಎಳೆಯನ್ನು ಸೀಸೆಗೆ ಅದ್ದಿ ಗಿರಾಕಿಯ ಕಿವಿಯ ಮಡಿಕೆಗೆ ಸಿಕ್ಕಿಸುತ್ತಾರೆ. ಮೊದಲು ಮೂಗಿಗೆ ಬರುವುದು ಗುಲಾಬಿ. ಸಂಜೆ ಗಂಗೆಯ ಮೆಟ್ಟಿಲಿಳಿಯುವ ಹೊತ್ತಿಗೆ ಗುಲಾಬಿ ತೆಳುವಾಗಿ, ಅದರಡಿಯಿಂದ ನಮ್ಮೂರ ದೇವರ ಮನೆಯ ವಾಸನೆ ಮೆಲ್ಲಗೆ ಏಳುತ್ತದೆ. ಹಳೆಯ ಪದ್ಧತಿಯ ಅತ್ತರಿಗೆ ಶ್ರೀಗಂಧದ ಎಣ್ಣೆಯೇ ಒಡಲು. ಕನ್ನೌಜಿನ ಭಟ್ಟಿಗಳಲ್ಲಿ ತಾಮ್ರದ ಹಂಡೆಯಲ್ಲಿ ಕುದಿಯುವ ಹೂವಿನ ಆವಿ ಬಿದಿರ ಕೊಳವೆ ಹಾದು, ಗಂಧದೆಣ್ಣೆಯಿರುವ ಪಾತ್ರೆಗೆ ಇಳಿಯುತ್ತದೆ. ಹಾರಿಹೋಗುವ ಪರಿಮಳವನ್ನು ನಿಧಾನವಾಗಿ ಆರುವ ಈ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. (ಗಂಧ ದುಬಾರಿಯಾಗಿ, ಅಗ್ಗದ ಸೀಸೆಗಳಲ್ಲಿ ಈಗ ಆ ಜಾಗಕ್ಕೆ ಪ್ಯಾರಾಫಿನ್ ಬಂದಿದೆ. ಮೂಗು ಮೋಸಹೋಗುತ್ತದೆ, ಒಂದು ಗಂಟೆಯ ಮಟ್ಟಿಗೆ.)

ತೇದಷ್ಟೂ ಪರಿಮಳ ಕೊಡುವ ತ್ಯಾಗಿ ಎಂದು ಗಂಧವನ್ನು ಹೊಗಳುತ್ತಲೇ ನಾವು ಬೆಳೆದೆವು. ಮನೆಗೆ ಬಂದ ಸೊಸೆಗೆ, ಬಡ ಮೇಷ್ಟ್ರಿಗೆ ಎಷ್ಟು ಸಲ ಈ ಹೋಲಿಕೆ ಕೊಟ್ಟಿಲ್ಲ? ತೇಯುವ ಕೈ ನಮ್ಮದೇ ಆಗಿರುವಾಗ ಕೊರಡಿನ ತ್ಯಾಗವನ್ನು ಮೆಚ್ಚುವುದು ಎಷ್ಟು ಸುಲಭ!

ಗಂಧದ ತೋಟ ಮಾಡಿದವರು ಬೇರೆಯೇ ಕಥೆ ಹೇಳುತ್ತಾರೆ. ಸಸಿ ಒಂಟಿಯಾಗಿ ಏಳಿಗೆಯಾಗದು; ಪಕ್ಕದಲ್ಲಿ ತೊಗರಿಯನ್ನೋ ಹೊಂಗೆಯನ್ನೋ ನೆಡಬೇಕು, ನೆಲದಡಿಯಲ್ಲಿ ಗಂಧದ ಬೇರು ಆ ಬೇರನ್ನು ಕಚ್ಚಿ ನೀರು, ಸಾರ ಹೀರಿಕೊಳ್ಳಬೇಕು. ಹಾಗೆ ಪಡೆದದ್ದು ಪರಿಮಳವಾಗಲು ವರ್ಷಗಳು ಬೇಕು. ತೊಗಟೆಗೆ, ಬಿಳಿ ಮರಕ್ಕೆ ವಾಸನೆಯಿಲ್ಲ. ಇರುವುದು ಒಳಗೆ ಬಲಿಯುವ ಚೇಗಿನಲ್ಲಿ, ಬೇರಿನಲ್ಲಿ. 1792ರಲ್ಲಿ ಟಿಪ್ಪು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರದ ಸಾಗಣೆ ಕೆಟ್ಟಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಎಣ್ಣೆ ಇಳಿಸಲು ತೊಡಗಿತು. ಆದರೆ ಅದಕ್ಕೆ ಉಣಿಸಿದ ಪಕ್ಕದ ಗಿಡವನ್ನು ನೆನೆದವರು ಯಾರು?

ಕಾಶಿಗೆ ಬರುವವರೆಲ್ಲ ಒಂದಲ್ಲ ಒಂದು ಋಣ ಹೊತ್ತು ಬರುವವರೇ, ಜಂಗಮವಾಡಿ ಮಠದಲ್ಲಿ ತೀರಿಹೋದವರ ಹೆಸರಿನಲ್ಲಿ ಶಿವಲಿಂಗ ಒಪ್ಪಿಸುವ ನಮ್ಮ ಕಡೆಯವರೂ ಸೇರಿ. ಚಿತೆಗಳುರಿಯುವ ಮಣಿಕರ್ಣಿಕಾ ಘಾಟಿನಲ್ಲಿ ಸೌದೆಯನ್ನು ದೊಡ್ಡ ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಮಣಗಟ್ಟಲೆ ಮಾವಿನ ಸೌದೆ ಪೇರಿಸಿದ ಮೇಲೆ, ಶಕ್ತಿಯಿದ್ದವರು ಒಂದೆರಡು ಗಂಧದ ಚಕ್ಕೆ ಇಡುತ್ತಾರೆ. ಗಂಟೆಗಟ್ಟಲೆ ಉರಿದು ಕೆಲಸ ಮುಗಿಸುವುದು ಮಾವು. ಊರಿಗೆ ಮರಳಿದ ಮನೆಯವರು ನೆಂಟರ ಮುಂದೆ ಹೇಳುವುದು ಮಾತ್ರ, "ಗಂಧ ಇಟ್ಟು ಬಂದೆವು" ಎಂದು.