ಘೋರ ತನು, ಶಿವ ತನು

ನಮ್ಮ ಸೋದರತ್ತೆ ಒಂದು ಬೆಳಗ್ಗೆ ಹೊಸಿಲ ಮುಂದೆ ಚುಕ್ಕೆಗಳನ್ನಿಟ್ಟು ಎಳೆ ಬಿಡುತ್ತಿದ್ದವರು, ಅರ್ಧದಲ್ಲಿಯೇ ಬಲಗೈ ಸೋತು ಕುಸಿದರು. ರಂಗೋಲಿಯ ಪುಡಿ ಬೆರಳ ಸಂದಿಯಿಂದ ಜಾರಿ ನೆಲದ ಮೇಲೆ ಗುಪ್ಪೆಯಾಗಿ ಬಿದ್ದಿತ್ತು. ಮಿದುಳಿನ ಎಡಭಾಗದ ನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಾಗಿದೆಯೆಂದು ವೈದ್ಯರು ಹೇಳಿದರು. ನಮ್ಮನ್ನು ಇನ್ನೂ ಕಂಗೆಡಿಸಿದ್ದು ಮೂರನೆಯ ದಿನ: ಗಂಡಾಂತರ ಕಳೆಯಿತೆಂದು ನಾವು ಉಸಿರು ಬಿಡುವ ಹೊತ್ತಿಗೆ ಅವರು ಮತ್ತಷ್ಟು ಮಂಪರಿಗಿಳಿದರು. ಮಿದುಳು ಊದಿಕೊಂಡಿತ್ತು, ಆ ಊತದಲ್ಲಿ ದೇಹವನ್ನು ಕಾಯತಕ್ಕ ಕಣಗಳದೂ ಪಾಲಿದೆಯೆಂದು ತಿಳಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಯುವುದಕ್ಕೆಂದು ಬಂದವನೇ ಕೊಂದರೆ ಆ ದೋಷ ಯಾರದು?

ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು ಆಮ್ಲಜನಕದಲ್ಲಿ ಶೇಕಡಾ 20ರಷ್ಟನ್ನು ಬೇಡುತ್ತದೆಯಾದುದರಿಂದ, ರಕ್ತದ ಹರಿವು ನಿಂತ ಕೆಲವೇ ನಿಮಿಷಗಳಲ್ಲಿ ಅಲ್ಲಿಯ ನರಕೋಶಗಳು ಅಳಿಯತೊಡಗುತ್ತವೆ. ಅಳಿಯುವ ಕೋಶಗಳಿಂದ ಚೆಲ್ಲಿದ ದ್ರವ್ಯಗಳ ಸುಳಿವು ಹಿಡಿದು, ಮಿದುಳಿನಲ್ಲಿಯೇ ಮನೆಮಾಡಿಕೊಂಡಿರುವ ಮೈಕ್ರೋಗ್ಲಿಯಗಳೆಂಬ ಕಾವಲುಕೋಶಗಳು ಎಚ್ಚರಗೊಳ್ಳುತ್ತವೆ. ಅವುಗಳ ಕರೆಗೆ ಓಗೊಟ್ಟು ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ಕೆಲವು ಗಂಟೆಗಳೊಳಗೆ ನಾಳದ ಗೋಡೆಗೆ ಅಂಟಿ, ಅದನ್ನು ದಾಟಿ, ರೋಗಾಣುಗಳ ಸಂಹಾರಕ್ಕೆಂದು ತಮ್ಮಲ್ಲಿ ಸಂಚಯಿಸಿಕೊಂಡಿರುವ ಉಗ್ರ ರಸಾಯನಗಳನ್ನು ಸುರಿಯುತ್ತವೆ. ಅಲ್ಲಿ ರೋಗಾಣುವೇ ಇಲ್ಲ. ರಕ್ತಕ್ಕೂ ಮಿದುಳಿಗೂ ನಡುವಣ ಸೂಕ್ಷ್ಮವಾದ ತಡೆ ಸಡಿಲಗೊಂಡು ನೀರು ಒಸರುತ್ತದೆ; ಬದುಕಬಹುದಾಗಿದ್ದ ಸುತ್ತಣ ಕೋಶಗಳೂ ಕೆಡುತ್ತವೆ. ಇದಕ್ಕೆ ಕನ್ನಡದಲ್ಲಿ ಉರಿಯೂತವೆಂದು ಹೆಸರು. ಉರಿಯನ್ನೂ ಊತವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಮಾತು ಎಷ್ಟು ನಿಜವೆಂಬುದು ನನಗೆ ಆಸ್ಪತ್ರೆಯ ಆ ಮಂಚದ ಪಕ್ಕದಲ್ಲಿ ತಿಳಿಯಿತು.

ಹಾಗಾದರೆ ಕಾವಲುಗಾರರನ್ನು ಬಾಗಿಲಲ್ಲಿಯೇ ತಡೆದರಾಗದೆ? ಹಾಗೆ ತಡೆದು ನೋಡಿದ್ದಾರೆ. ಬಿಳಿಯ ಕಣಗಳು ನಾಳದ ಗೋಡೆಗೆ ಅಂಟದಂತೆ ಮಾಡುವ ಎನ್ಲಿಮೊಮ್ಯಾಬ್ ಎಂಬ ಔಷಧವನ್ನು 625 ಮಂದಿ ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಔಷಧ ಪಡೆದವರ ಸ್ಥಿತಿಯೇ ಪಡೆಯದವರಿಗಿಂತ ಕೆಟ್ಟಿತ್ತು, ಸತ್ತವರೂ ಅವರಲ್ಲಿ ಹೆಚ್ಚು. ಆ ಔಷಧ ಇಲಿಯ ಪ್ರತಿಕಾಯವಾಗಿದ್ದುದರಿಂದ ತಾನೇ ಉರಿಯನ್ನು ಕೆರಳಿಸಿರಬಹುದೆಂಬ ವಿವರಣೆಯುಂಟು. ಆದಕಾರಣ ಅದೊಂದರ ಮೇಲೆಯೇ ತತ್ತ್ವವನ್ನು ಕಟ್ಟುವುದು ತರವಲ್ಲ. ಆದರೆ ಇಷ್ಟು ದಿಟ: ಮೊದಲ ದಿನಗಳಲ್ಲಿ ಸುಡುವ ಈ ರಕ್ಷಣಾಪಡೆಯಲ್ಲಿಯೇ ಸತ್ತುದನ್ನು ನುಂಗಿ ನೆಲವನ್ನು ಹಸನುಮಾಡುವ ಕಣಗಳಿವೆ, ಉರಿಯನ್ನು ಆರಿಸಿ ಹೊಸ ಚಿಗುರಿಗೆ ಎಡೆಮಾಡುವ ಕಣಗಳೂ ಇವೆ, ಆ ಪಡೆ ಸೊರಗಿದ ರೋಗಿಯ ಶ್ವಾಸಕೋಶವನ್ನು ನ್ಯುಮೋನಿಯ ಸುಲಭವಾಗಿ ಹಿಡಿಯುತ್ತದೆ.

ಒಳಿತಿಗೊಬ್ಬ ದೇವರು, ಕೆಡುಕಿಗೊಬ್ಬ ಎದುರಾಳಿ ಎಂಬ ವಿಭಾಗ ಇಲ್ಲಿ ನಿಲ್ಲದು. ತೈತ್ತಿರೀಯ ಸಂಹಿತೆ ಅಗ್ನಿಯನ್ನೇ ರುದ್ರನೆಂದು ಕರೆದು, ಅವನಿಗೆ ಘೋರವಾದುದೊಂದು, ಶಿವವಾದುದೊಂದು ಎಂದು ಎರಡು ತನುಗಳನ್ನು ಹೇಳುತ್ತದೆ. ಬಾಲ್ಯದಿಂದ ಅಭಿಷೇಕದ ಹೊತ್ತಿನಲ್ಲಿ ಕೇಳುತ್ತ ಬಂದ ರುದ್ರಾಧ್ಯಾಯವೂ ಅವನ ಕೋಪಕ್ಕೆ ಮೊದಲು ನಮಿಸಿ, ಅವನನ್ನೇ ದೇವತೆಗಳ ಮೊದಲ ವೈದ್ಯನೆಂದು ಕೊಂಡಾಡಿ, ಬಿಲ್ಲಿನ ಹೆದೆಯನ್ನಿಳಿಸು, ಬಾಣಗಳ ಮೊನೆಯನ್ನು ಮುರಿ ಎಂದು ಬೇಡುತ್ತದೆ. ರುದ್ರನೇ ಇರದಿರಲಿ ಎಂದು ಎಲ್ಲಿಯೂ ಬೇಡುವುದಿಲ್ಲ. ಅತ್ತೆಯ ತಲೆದೆಸೆಯಲ್ಲಿ ಕುಳಿತು ಅದನ್ನು ಮೆಲ್ಲನೆ ಹೇಳಿಕೊಳ್ಳುತ್ತಿದ್ದಾಗ, ಇಷ್ಟು ವರ್ಷ ಸ್ತೋತ್ರವೆಂದು ಭಾವಿಸಿದ್ದ ಆ ಪಾಠ ಭಯದಲ್ಲಿಯೂ ಕಣ್ಣು ಮುಚ್ಚದವರ ಮಾತಾಗಿ ನನಗೆ ಕೇಳಿಸಿತು.

ಕಣಕ್ಕೆ ದ್ವೇಷವಿಲ್ಲ, ವಿವೇಕವೂ ಇಲ್ಲ. ಅದು ನಡೆಸಿದ್ದು ಸ್ವಧರ್ಮವನ್ನೇ, ತಪ್ಪಿದ್ದು ದೇಶಕಾಲ. ಕಣದ ಮೇಲಿನ ದೋಷಾರೋಪ ಇದರಿಂದ ಕಳೆಯಿತು. ಆದರೆ ಅಷ್ಟು ಕುರುಡಾದ ಕೈಗೆ ಅಷ್ಟು ಬೆಂಕಿಯನ್ನು ಕೊಟ್ಟವನಾರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ರುದ್ರಾಧ್ಯಾಯ ನನಗೆ ಬೇಡುವುದನ್ನು ಕಲಿಸಿತು, ಇದಕ್ಕೆ ಉತ್ತರವನ್ನು ಕೊಡಲಿಲ್ಲ. ಅತ್ತೆ ಬದುಕಿ ಮನೆಗೆ ಬಂದರು. ಬಲಗೈ ಪೂರ್ತಿ ಮರಳಲಿಲ್ಲ. ಈಗ ಹೊಸಿಲ ಮುಂದೆ ಎಡಗೈಯಿಂದ ಚುಕ್ಕೆಗಳನ್ನಿಡುವವರು ಅವರು, ಎಳೆ ಬಿಡುವವಳು ಮೊಮ್ಮಗಳು.